ಮಡ್ಡಿಯ ಮೇಲೆ ಒಂದೇ ಹೊಡೆತ

ಚೆಂಡು ಕುಣಿಯೊಳಗೆ ಬಿದ್ದದ್ದನ್ನು ನಾನು ನೋಡಲಿಲ್ಲ. ನಮ್ಮ ಕಾಕಾ ಕೂಡ ನೋಡಲಿಲ್ಲ. ನಾವಿಬ್ಬರೂ ನಿಂತಿದ್ದ ಜಾಗಕ್ಕೂ ಆ ಕುಣಿಗೂ ನಡುವೆ ಒಂದು ದಿಬ್ಬವಿತ್ತು. ಚೆಂಡು ದಿಬ್ಬದ ನೆತ್ತಿ ದಾಟಿ ಆಚೆ ಇಳಿದದ್ದಷ್ಟೇ ಕಂಡಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಜಮಖಂಡಿಯಲ್ಲಿ ಇವತ್ತಿಗೂ ಕೆಲವರು, ಅದು ಉರುಳುತ್ತ ಹೋಗಿ ಒಳಗೆ ಬಿದ್ದದ್ದನ್ನು ತಾವೇ ಕಣ್ಣಾರೆ ಕಂಡವರಂತೆ ಮಾತಾಡುತ್ತಾರೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ನೌಕರಿಯ ಕೊನೆಯ ವರ್ಷಗಳನ್ನು ದೂರದ ಒಂದು ಕಂಟೋನ್ಮೆಂಟಿನಲ್ಲಿ ಗಾಲ್ಫ್ ಮೈದಾನ ನೋಡಿಕೊಳ್ಳುತ್ತ ಕಳೆದರು. ನಿವೃತ್ತರಾಗಿ ಊರಿಗೆ ಬಂದಾಗ ಎಲ್ಲರಂತೆ ಟ್ರಂಕು, ಹಾಸಿಗೆ, ಕ್ಯಾಂಟೀನಿನ ಸಾಮಾನು ತಂದರು. ಜೊತೆಗೆ ಹರಿದ ಚೀಲವೊಂದರಲ್ಲಿ ಗಾಲ್ಫ್ ಕೋಲುಗಳನ್ನೂ ತಂದರು. ಅವನ್ನು ಕೊಟ್ಟವರು ಅವರ ಮೇಲಧಿಕಾರಿಯಾಗಿದ್ದ ಒಬ್ಬ ಸಾಹೇಬರು. ಅವರೂ ನಿವೃತ್ತರಾಗಿ ಪುಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಾಕಾನ ಬಾಯಲ್ಲಿ 'ಸಾಹೇಬರು' ಎಂದರೆ ಇವರೊಬ್ಬರೇ.

ಸಾವಳಗಿ ರಸ್ತೆಯಲ್ಲಿ ನಮ್ಮ ಮನೆತನದ ಒಂದು ತುಂಡು ಮಡ್ಡಿ ಇದೆ. ಕಲ್ಲು, ಜಾಲಿಗಿಡ, ಒಣಹುಲ್ಲು. ಏನೂ ಬೆಳೆಯದ ನೆಲವೆಂದೇ ಪಾಲಾಗುವಾಗ ಯಾರೂ ಅದಕ್ಕಾಗಿ ಜಗಳವಾಡಲಿಲ್ಲ. ಕಾಕಾ ಅಲ್ಲಿ ಮೂರು ಕುಣಿ ತೋಡಿದರು. ಒಂದೊಂದರಲ್ಲೂ ಒಂದು ತಗಡಿನ ಡಬ್ಬಿ ಹುಗಿದು, ಸುತ್ತ ಉಸುಕು ಹರಡಿ, ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಚಿಮುಕಿಸಿ ತಟ್ಟಿದರು. ನೀರಿಲ್ಲದ ಊರುಗಳಲ್ಲಿ ಕುಣಿಯ ಸುತ್ತ ಹುಲ್ಲು ಬೆಳೆಸುವ ಬದಲು ಹೀಗೇ ಮಾಡುತ್ತಾರಂತೆ. ಅದಕ್ಕೆ 'ಗ್ರೀನ್' ಎನ್ನದೆ 'ಬ್ರೌನ್' ಎನ್ನುತ್ತಾರಂತೆ. ನಿಶಾನೆಗೆ ಚಿಗವ್ವನ ಹಳೆಯ ಬನಹಟ್ಟಿ ಸೀರೆಯ ಸೆರಗು ಹೋಯಿತು. ಚಿಗವ್ವ ಕಾಕಾನ ಹೆಂಡತಿ. ಬಾಯಿ ಜೋರು.

"ಮಂದಿ ಗಂಡಸರು ರಿಟಾಯರ್ ಆಗಿ ಬಂದು ಬೋರ್ ಹೊಡಸ್ತಾರ. ನಮ್ಮವರು ಕುಣಿ ತೋಡ್ಯಾರ ನೋಡು," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಬೆನ್ನುನೋವು ಶುರುವಾದಾಗ ಡಾಕ್ಟರು ದಿನಾ ಬೆಳಿಗ್ಗೆ ನಡೆಯಲು ಹೇಳಿದರು. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನಾಲ್ಕು ದಿನ ನಡೆದು ಬಿಟ್ಟೆ. ಆಗ ಕಾಕಾ ಕರೆದರು.

"ಸುಮ್ಮ ನಡದ್ರ ಬ್ಯಾಸರಾಕ್ಕೇತಿ ಯವ್ವಾ. ಒಂದ್ ಚೆಂಡು ಹೊಡಿ, ಅದರ ಬೆನ್ನ ಹತ್ತಿ ನಡಿ. ನಡದಿದ್ದ ಗೊತ್ತಾಗೂದಿಲ್ಲ."

ಹೀಗೆ ನಾನು, ನಲವತ್ತು ದಾಟಿದ ಹೆಣ್ಣುಮಗಳು, ಚೂಡಿದಾರದ ಮೇಲೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮಡ್ಡಿಯಲ್ಲಿ ಗಾಲ್ಫ್ ಆಡತೊಡಗಿದೆ. ಆಟ ಬರಲಿಲ್ಲ. ಹತ್ತು ಹೊಡೆತಕ್ಕೆ ಎರಡು ಚೆಂಡಿಗೆ ತಗುಲುತ್ತಿದ್ದವು, ಉಳಿದವು ಮಣ್ಣಿಗೆ. ಆದರೆ ಕಾಕಾನ ಕಥೆಗಳಿಗಾಗಿ ಹೋಗುತ್ತಿದ್ದೆ. ಆ ಕಥೆಗಳೆಲ್ಲ ಸಾಹೇಬರಿಂದ ಬಂದವು. ಮೊದಲ ಕಾಲದ ಚೆಂಡು ರಬ್ಬರಿನದಲ್ಲವಂತೆ. ಒಂದು ಟೊಪ್ಪಿಗೆ ತುಂಬುವಷ್ಟು ಬಾತುಕೋಳಿಯ ಪುಚ್ಚ ಕುದಿಸಿ ಸಣ್ಣ ತೊಗಲಿನ ಚೀಲದಲ್ಲಿ ತುರುಕಿ ಹೊಲಿಯುತ್ತಿದ್ದರಂತೆ. ಸ್ಕಾಟ್‌ಲೆಂಡಿನ ರಾಜನೊಬ್ಬ, ಹುಡುಗರು ಬಿಲ್ಲು ಹಿಡಿಯುವುದು ಬಿಟ್ಟು ಇದನ್ನೇ ಆಡುತ್ತಾರೆಂದು ಆಟವನ್ನೇ ನಿಷೇಧಿಸಿದ್ದನಂತೆ. ಆಫ್ರಿಕಾದ ಒಂದು ಮೈದಾನದಲ್ಲಿ ಚೆಂಡು ನೀರಾನೆಯ ಹೆಜ್ಜೆಗುಂಡಿಯಲ್ಲಿ ಬಿದ್ದರೆ ಎತ್ತಿ ಪಕ್ಕಕ್ಕಿಟ್ಟುಕೊಂಡು ಹೊಡೆಯಬಹುದಂತೆ. ಜಪಾನಿನಲ್ಲಿ 'ಹೋಲ್ ಇನ್ ಒನ್' ಮಾಡಿದವನು, ಎಂದರೆ ಒಂದೇ ಹೊಡೆತಕ್ಕೆ ಚೆಂಡನ್ನು ಕುಣಿಗೆ ಹಾಕಿದವನು, ಎಲ್ಲರಿಗೂ ಊಟ ಹಾಕಿ ಉಡುಗೊರೆ ಕೊಡಬೇಕಂತೆ. ಆ ಖರ್ಚಿಗೆ ಹೆದರಿ ಜನ ಮೊದಲೇ ವಿಮೆ ಮಾಡಿಸುತ್ತಾರಂತೆ.

"ಚಂದ್ರನ ಮ್ಯಾಲ ಹೋದಾಂವ ಒಬ್ಬ ಕೋಲಿನ ತುದಿ ಕಾಲಚೀಲದಾಗ ಮುಚ್ಚಿ ಒಯ್ದಿದ್ದ," ಎಂದು ಕಾಕಾ ಒಂದು ದಿನ ಊಟದ ಹೊತ್ತಿಗೆ ಶುರುಮಾಡಿದರು. "ಅಲ್ಲಿ ನಿಂತು ಒಂದ ಕೈಲೆ ಚೆಂಡು ಬಾರಿಸಿದ."

"ಹುಡುಕಾಕ ಯಾರು ಹೋಗಿದ್ರು?" ಎಂದಳು ಚಿಗವ್ವ, ರೊಟ್ಟಿ ಬಡಿಯುತ್ತ.

ಇನ್ನೊಂದು ದಿನ, ಗಂಡ ಕೊಲೆಯಾದ ಕೆಲವೇ ದಿನಕ್ಕೆ ಗಾಲ್ಫ್ ಆಡಿದಳೆಂಬ ಆಪಾದನೆ ಹೊತ್ತ ರಾಣಿಯೊಬ್ಬಳ ಕಥೆ ಬಂತು. ಚಿಗವ್ವ ಕೈಯೊರೆಸಿಕೊಂಡು, "ಆ ಕೋಲು ಎಲ್ಲಿ ಇಟ್ಟೀರಿ, ತೋರಿಸಿ ಇಡ್ರಿ," ಎಂದಳು. ಕಾಕಾ ನಕ್ಕು ನಕ್ಕು ನೀರು ಕುಡಿದರು.

ಕಾಕಾಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಾತ್ರ ಬೇರೆ. ದೊಡ್ಡ ಪಂದ್ಯದಲ್ಲಿ ಒಬ್ಬ ಆಟಗಾರ ಹುಲ್ಲಿನಲ್ಲಿ ಬಿದ್ದ ಚೆಂಡಿನ ಹತ್ತಿರ ಕೋಲು ಇಟ್ಟಾಗ ಚೆಂಡು ಕೂದಲೆಳೆಯಷ್ಟು ಅಲುಗಿತು. ಯಾರೂ ಕಂಡಿರಲಿಲ್ಲ. ಅವನೇ ಹೋಗಿ ಹೇಳಿ ತನ್ನ ಮೇಲೆ ಒಂದು ಹೊಡೆತದ ದಂಡ ಹಾಕಿಸಿಕೊಂಡ. ಕೊನೆಗೆ ಆ ಪ್ರಶಸ್ತಿಯನ್ನೇ ಕಳೆದುಕೊಂಡ.

"ಬ್ಯಾರೆ ಆಟದಾಗ ಅಂಪೈರ್ ಇರ್ತಾನ. ಇದರಾಗ ನೀನ ಅಂಪೈರ," ಎನ್ನುತ್ತಿದ್ದರು ಕಾಕಾ.

ಕಳೆದ ಚಳಿಗಾಲದ ಒಂದು ರವಿವಾರ. ಮಡ್ಡಿಯಲ್ಲಿ ಎಂದಿನಂತೆ ಕುರಿಗಳು ಮೇಯುತ್ತಿದ್ದವು. ಅವನ್ನು ಕಾಯುವ ಮುದುಕಿಯೊಬ್ಬಳು ದಿಬ್ಬದಾಚೆಯ ಜಾಲಿಗಿಡದ ಕೆಳಗೆ, ಹಣೆ ತುಂಬ ಭಂಡಾರ ಹಚ್ಚಿಕೊಂಡು ಕುಳಿತು, ನಮ್ಮ ಆಟವನ್ನು ದಿನಾ ನೋಡುತ್ತಿದ್ದಳು. ಮೂರನೆಯ ಕುಣಿ ಅದೇ ದಿಬ್ಬದ ಆಚೆಗಿತ್ತು. ನಾನು ಕೋಲು ಬೀಸಿದೆ. ಅದೇನಾಯಿತೋ, ಅಂಥ ಸದ್ದು ನನ್ನ ಕೋಲಿನಿಂದ ಹಿಂದೆಂದೂ ಬಂದಿರಲಿಲ್ಲ. ಚೆಂಡು ಎತ್ತರಕ್ಕೆ ಹಾರಿ ದಿಬ್ಬದಾಚೆ ಇಳಿಯಿತು.

"ಶಾಬ್ಬಾಸ್!" ಎಂದರು ಕಾಕಾ.

ಅಲ್ಲಿಂದ ದಿಬ್ಬ ಹತ್ತಿ ಇಳಿಯುವುದಕ್ಕೆ ನಮಗೆ ಸಾಕಷ್ಟು ಹೊತ್ತು ಹಿಡಿಯಿತು. ಕಾಕಾನ ಮಂಡಿ ನೋವು, ನನ್ನ ಬೆನ್ನು ನೋವು. ಆಚೆ ಹೋಗಿ ಹುಡುಕಿದೆವು. ಜಾಲಿಯ ಬುಡ, ಕಲ್ಲಿನ ಸಂದಿ, ಎಲ್ಲೂ ಚೆಂಡಿಲ್ಲ. ಒಂದು ಸಲ ಮುಧೋಳದಿಂದ ಬಂದ ಕಾಕಾನ ಗೆಳೆಯರ ಬೇಟೆನಾಯಿ ಚೆಂಡು ಕಚ್ಚಿಕೊಂಡು ಓಡಿತ್ತು. ಇವತ್ತು ನಾಯಿಯೂ ಇರಲಿಲ್ಲ. ಕಡೆಗೆ ಬೇರೆ ಚೆಂಡು ತೆಗೆಯೋಣವೆಂದು ಕುಣಿಯ ಹತ್ತಿರ ಹೋದವಳು ಸುಮ್ಮನೆ ಬಗ್ಗಿ ನೋಡಿದೆ. ಡಬ್ಬಿಯ ತಳದಲ್ಲಿ ಬೆಳ್ಳಗೆ ಕುಳಿತಿತ್ತು.

"ಕಾಕಾ," ಎಂದೆ, "ಇಲ್ಲೇ ಐತ್ರಿ."

ಕಾಕಾ ಬಂದು ಬಗ್ಗಿದರು. ಬಗ್ಗಿದವರು ಎಷ್ಟೋ ಹೊತ್ತು ಮೇಲೇಳಲಿಲ್ಲ. ಎದ್ದಾಗ ಟೊಪ್ಪಿಗೆ ತೆಗೆದಿದ್ದರು, ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಮೈದಾನದಲ್ಲೇ ಇದ್ದು, ಅವರ ಕೈಯಿಂದ ಒಮ್ಮೆಯೂ ಹೀಗೆ ಆಗಿರಲಿಲ್ಲ. ಸಾಹೇಬರಿಗೂ ಆಗಿರಲಿಲ್ಲ.

"ಸಾಹೇಬ್ರು ಸಾಯೂದ್ರೊಳಗ ಒಂದ್ ಸಲ ಆಗಬೇಕು ಹವಾಲ್ದಾರ್ ಅಂತಿದ್ರು," ಎಂದರು. ನನ್ನ ತಲೆಯ ಮೇಲೆ ಕೈಯಿಟ್ಟರು. "ನಮ್ಮ ಮನಿ ಹುಡಿಗಿ ಮಾಡಿದ್ಲು ನೋಡು."

ಫೋನಿಗೆ ಸಿಗ್ನಲ್ ಸಿಗುವುದು ದಿಬ್ಬದ ಮೇಲೆ ಮಾತ್ರ. ಮಂಡಿನೋವು ಮರೆತು ಕಾಕಾ ಹತ್ತತೊಡಗಿದರು. ನಾನು ಕುಣಿಯ ಹತ್ತಿರ ಒಬ್ಬಳೇ ನಿಂತು ನಗುತ್ತಿದ್ದೆ. ಆಗ, ಕುರಿ ತಿರುಗಿಸಲು ದೂರ ಹೋಗಿದ್ದ ಮುದುಕಿ ಮರಳಿ ಬಂದಳು.

"ಸಿಕ್ತೇನ್ರಿ ಅಕ್ಕೋರ, ನಿಮ್ಮ ಗುಂಡು? ನಾನ ಒಳಗ ಹಾಕೇನ್ರಿ."

"ಏನಂದಿ ಬೇ ಆಯಿ?"

"ಮರಿ ಮೂಸಿ ನೋಡಾಕತ್ತಿತ್ರಿ. ನುಂಗೀತಂತ ಎತ್ತಿಕೊಂಡೇನ್ರಿ. ನೀವರ ದಿನಾ ಬಡದು ಬಡದು, ಹುಡುಕಿ ಹುಡುಕಿ, ಕಡೀಕ ಆ ಡಬ್ಬ್ಯಾಗ ಹಾಕತೀರಿ. ಹೆಂಗೂ ಅಲ್ಲೇ ಹಾಕೂದಲ್ಲ ಅಂತ ಹಾಕಿಬಿಟ್ಟೇನ್ರಿ. ನಿಮಗೂ ತ್ರಾಸು ಉಳೀತು."

ಅವಳ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ನಾನು ದಿಬ್ಬದ ಕಡೆ ತಿರುಗಿ ನೋಡಿದೆ. ಕಾಕಾ ಮೇಲೆ ತಲುಪಿ, ಫೋನು ಕಿವಿಗಿಟ್ಟುಕೊಂಡು, ಮೈ ನೆಟ್ಟಗೆ ಮಾಡಿ ನಿಂತಿದ್ದರು, ಸಾಹೇಬರು ಎದುರಿಗೇ ಇದ್ದಾರೆ ಎಂಬಂತೆ. ಅವರ ದನಿ ಕೆಳಗಿನವರೆಗೂ ಕೇಳಿಸುತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ.

"ಛಲೋ ಮಾಡಿದಿ ಬೇ ಆಯಿ," ಎಂದು ಮುದುಕಿಗೆ ಹೇಳಿದೆ. ಅವಳು ನಗುತ್ತ ಕುರಿಗಳ ಹಿಂದೆ ಹೋದಳು.

ಅಂದು ಸಂಜೆ ಕಾಕಾನ ಮನೆಯ ಮುಂದೆ ಓಣಿಯೆಲ್ಲ ಸೇರಿತು. ಜಪಾನಿನ ಪದ್ಧತಿಯೆಂದು ಹೇಳಿ ಕಾಕಾ ಎಲ್ಲರಿಗೂ ಮಿರ್ಚಿಭಜಿ, ಜಿಲೇಬಿ ತಿನ್ನಿಸಿದರು. ಚಿಗವ್ವ ಬಾಣಲೆಯ ಮುಂದೆ ಬೆವರುತ್ತ ಕುಳಿತಿದ್ದಳು. ಅವಳಾದರೂ ಒಂದು ವ್ಯಂಗ್ಯ ಆಡಿಯಾಳೆಂದು ಕಾದೆ. ಅವಳು ನನ್ನ ಬಾಯಿಗೆ ಜಿಲೇಬಿ ಇಟ್ಟು, "ಎಷ್ಟ್ ವರ್ಷದ ಮ್ಯಾಲ ಇವರು ಹಿಂಗ ನಕ್ಕಾರ ಗೊತ್ತೇನು?" ಎಂದಳು. ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆಗೆ ಸುದ್ದಿ ಊರು ಮೀರಿತ್ತು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಪ್ರಾಚಾರ್ಯರು ಮಹಿಳಾ ಸಬಲೀಕರಣದ ಬಗ್ಗೆ ಮಾತಾಡಿದರು. ರಬಕವಿಯಲ್ಲಿರುವ ನನ್ನ ಅಕ್ಕನ ಮನೆಯವರು ಸೀರೆ ಕಳಿಸಿದರು. ಕಾಕಾ ಆ ಚೆಂಡನ್ನು ತಮ್ಮ ಪದಕಗಳ ಪಕ್ಕ ಗಾಜಿನ ಕಪಾಟಿನಲ್ಲಿ ಇಟ್ಟರು. ಬಂದವರಿಗೆಲ್ಲ ತೋರಿಸಿ ಕಥೆ ಹೇಳುತ್ತಿದ್ದರು. ಹೇಳಿ ಹೇಳಿ ಅದರಲ್ಲಿ ಗಾಳಿ ಸೇರಿತು, ಸೂರ್ಯ ಸೇರಿದ, ಚೆಂಡು ಕಲ್ಲಿಗೆ ಬಡಿದು ಪುಟಿದು ತಿರುಗಿದ್ದೂ ಸೇರಿತು. ನಾನು ಪಕ್ಕದಲ್ಲೇ ಕುಳಿತು ನೆಲ ನೋಡುತ್ತಿದ್ದೆ. ನಾಚಿಕೆಯೆಂದು ಜನ ತಿಳಿದರು. "ಒಂದೀಟೂ ಜಂಬ ಇಲ್ಲ ನೋಡ್ರಿ ಅಕಿಗೆ," ಎಂದು ಹೊಗಳಿದರು. ಆ ಹೊಗಳಿಕೆ ಶಾಲಿಗಿಂತ ಭಾರವಾಗಿತ್ತು.

ಹೇಳಲು ಎರಡು ಮೂರು ಸಲ ಬಾಯಿ ತೆರೆದೆ. ಪ್ರತಿ ಸಲವೂ ಕಾಕಾ ಖುಷಿಯಲ್ಲಿರುತ್ತಿದ್ದರು. ಬೇಸರದಲ್ಲಿದ್ದಾಗ ಹೇಳೋಣವೆಂದರೆ ಆ ದಿನಗಳಲ್ಲಿ ಅವರಿಗೆ ಬೇಸರವೇ ಇರಲಿಲ್ಲ. ಬೆನ್ನಿನ ನೆಪ ಹೇಳಿ ಮಡ್ಡಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಮುದುಕಿ ಎಲ್ಲಿ ಕಾಕಾನ ಎದುರಿಗೇ ಬಾಯಿಬಿಡುವಳೋ ಎಂಬ ಅಂಜಿಕೆ ಬೇರೆ. ಬೇಸಿಗೆ ಏರಿದ ಮೇಲೆ ಅವಳ ಕುರಿಗಳು ಮೇವಿಗಾಗಿ ಚಿಕ್ಕಪಡಸಲಗಿಯ ಕಡೆ, ಹೊಳೆದಂಡೆಗೆ ಹೋದವು ಎಂದು ಕೇಳಿದಾಗ ನನಗೆ ಹಗುರವಾಯಿತು. ಆಮೇಲೆ ಅದೇ ಹಗುರದ ಬಗ್ಗೆ ಹೇಸಿಗೆಯೆನಿಸಿತು. ಒಳ್ಳೆಯದು ಮಾಡಿದ ಮುದುಕಿ ಊರು ಬಿಟ್ಟು ಹೋಗಲಿ ಎಂದು ಕಾಯುವ ಮಟ್ಟಕ್ಕೆ ನಾನು ಬಂದಿದ್ದೆ.

ಅಷ್ಟರಲ್ಲಿ ಬೀಳಗಿಯ ಒಂದು ಶಾಲೆಯವರು ಕಾಕಾನನ್ನೂ ನನ್ನನ್ನೂ ತಮ್ಮ ಆಟೋಟದ ಸಮಾರಂಭಕ್ಕೆ ಕರೆದರು. ಕಾಕಾ ನ್ಯಾಫ್ತಲಿನ್ ವಾಸನೆಯ ಕೋಟು ಹಾಕಿಕೊಂಡು ಬಂದರು. ವೇದಿಕೆಯ ಮೇಲೆ ನೀರಾನೆಯ ಕಥೆಗೆ ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ಕಾಕಾ, ತನ್ನ ಮೇಲೆ ತಾನೇ ದಂಡ ಹಾಕಿಸಿಕೊಂಡ ಆಟಗಾರನ ಕಥೆ ಹೇಳಿದರು. ಅದೇ ಉಸಿರಿನಲ್ಲಿ ನನ್ನ ಕಡೆ ಕೈ ತೋರಿಸಿ, "ಅಂಥಾ ಆಟ ಆಡಾಕಿ ನಮ್ಮ ಹುಡಿಗಿ," ಎಂದರು. ಚಪ್ಪಾಳೆ ಬಿತ್ತು. ಎದ್ದು ನಿಂತ ನಾನು ವ್ಯಾಯಾಮ ಆರೋಗ್ಯಕ್ಕೆ ಒಳ್ಳೆಯದು ಎಂದು ಏನೋ ತೊದಲಿ ಕುಳಿತೆ.

ಮರಳುವ ಬಸ್ಸು ಅರ್ಧ ಖಾಲಿಯಿತ್ತು. ಕಾಕಾ ಕಿಟಕಿಯ ಬಳಿ ಕುಳಿತು ಹಾರದಿಂದ ಒಂದೊಂದೇ ಹೂವು ಕಿತ್ತು ಮೂಸುತ್ತಿದ್ದರು.

"ಕಾಕಾ, ಅವತ್ತ ಆ ಚೆಂಡು ತಾನ ಬಿದ್ದಿರಲಿಲ್ರಿ," ಎಂದೆ. ಎಲ್ಲವನ್ನೂ ಹೇಳಿದೆ. ಮರಿ ಮೂಸಿದ್ದು, ಮುದುಕಿ ಎತ್ತಿದ್ದು, ಡಬ್ಬಿಗೆ ಹಾಕಿದ್ದು.

ಕಾಕಾ ಮೊದಲು ನಕ್ಕರು. ನಾನು ನಗಲಿಲ್ಲವೆಂದು ಕಂಡು ನಿಲ್ಲಿಸಿದರು.

"ಯಾವಾಗ ಗೊತ್ತಾತು ನಿನಗ?"

"ಅವತ್ತರಿ. ನೀವು ದಿಬ್ಬದ ಮ್ಯಾಲ ಫೋನ್ ಮಾಡಾಕತ್ತಾಗ."

ಕಾಕಾ ಹಾರವನ್ನು ಮಡಿಲಲ್ಲಿಟ್ಟು, ಯಾರಿಗೋ ನಿಯಮ ಓದಿ ಹೇಳುವವರಂತೆ, "ನಿಂತ ಚೆಂಡನ್ನ ಹೊರಗಿನವರು ಯಾರರ ಎತ್ತಿದ್ರ, ಮೊದಲಿನ ಜಾಗಾದಾಗ ತಿರುಗಿ ಇಟ್ಟು ಹೊಡೀಬೇಕು. ದಂಡ ಇಲ್ಲ," ಎಂದರು. "ಅವತ್ತ ಹೇಳಿದ್ರ ಅಷ್ಟಕ್ಕ ಮುಗೀತಿತ್ತು ಯವ್ವಾ."

ಜಮಖಂಡಿ ನಿಲ್ದಾಣದಲ್ಲಿ ಇಳಿದು, ಆಟೋ ಬೇಡವೆಂದು, ಮಂಡಿ ಹಿಡಿದುಕೊಂಡೇ ನಡೆದು ಹೋದರು. ನನ್ನನ್ನು ಜೊತೆಗೆ ಕರೆಯಲಿಲ್ಲ. ಹೇಳಿದರೆ ಮನಸ್ಸು ತಿಳಿಯಾಗುತ್ತದೆ ಎಂದುಕೊಂಡಿದ್ದೆ. ಹಿಂದಿನಿಂದ ಆ ನಡಿಗೆ ನೋಡುತ್ತ ನಿಂತಾಗ, ಹೇಳದೆ ಇದ್ದದ್ದೇ ಮೇಲಿತ್ತೇನೋ ಅನ್ನಿಸಿತು.

ಮರುದಿನದಿಂದ ಕಾಕಾ ಮಡ್ಡಿಗೆ ಹೋಗಲಿಲ್ಲ. ಕಪಾಟಿನಿಂದ ಚೆಂಡು ಹೋಗಿತ್ತು. ಕಥೆಯೂ ನಿಂತಿತು, ಯಾರಾದರೂ ಕೇಳಿದರೆ "ಅದೆಲ್ಲ ಬಿಡ್ರಿ" ಎನ್ನುತ್ತಿದ್ದರು. ನಾನು ಹೋದರೆ ಚಹಾ ಕೊಡಿಸುತ್ತಿದ್ದರು, ಬೆನ್ನು ಹೇಗಿದೆ ಎನ್ನುತ್ತಿದ್ದರು, ಅಷ್ಟೇ. ಒಂದು ದಿನ ಚಿಗವ್ವ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಹೇಳೂದಿದ್ರ ಅವತ್ತ ಹೇಳಬೇಕಿತ್ತು. ಇಲ್ಲಾಂದ್ರ ಹೊಟ್ಟ್ಯಾಗ ಇಟ್ಕೊಂಡು ಸುಮ್ಮ ಇರಬೇಕಿತ್ತು," ಎಂದಳು. "ನಿನ್ನ ಭಾರ ನೀ ಇಳಿಸಿಕೊಂಡಿ. ತಂದು ಅವರ ಮ್ಯಾಲ ಹೊರಿಸಿದಿ. ಈಗ ಸಾಹೇಬರಿಗೆ ಸುಳ್ಳು ಹೇಳಿದಂಗ ಆತು ಅಂತ ಅವರು ಊಟ ಬಿಟ್ಟಾರ."

ನಿಜ ಹೇಳಬೇಕೆಂದರೆ, ನನ್ನ ಭಾರವೂ ಇಳಿದಿರಲಿಲ್ಲ.

ಒಂದು ಮುಂಜಾನೆ ಕಾಕಾ ತಾವೇ ಫೋನು ಮಾಡಿ ಕರೆಸಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. "ಸಾಹೇಬ್ರಿಗೆ ಖರೇ ಹೇಳತೇನಿ. ನೀನೂ ಕೂಡು," ಎಂದರು. ಸ್ಪೀಕರ್ ಹಾಕಿ ಪುಣೆಗೆ ಹಚ್ಚಿದರು. ಮೊದಲು ಸಾಹೇಬರ ಮಗಳು ಮಾತಾಡಿದರು. ತಂದೆಗೆ ಈಚೆಗೆ ಮರೆವು ಹೆಚ್ಚಾಗಿದೆ, ಆದರೆ ನಿಮ್ಮ ಸುದ್ದಿ ಕೇಳಿದಂದಿನಿಂದ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ, ಮರೆತರೆ ನಾವು ನೆನಪು ಮಾಡಿಕೊಡುತ್ತೇವೆ ಎಂದರು. ಕಾಕಾ ನನ್ನ ಮುಖ ನೋಡಿದರು. ಆಮೇಲೆ ಸಾಹೇಬರ ದನಿ ಬಂತು, ದೊಡ್ಡದು, ನಡುಗುವಂಥದು. ಕಾಕಾ ತಮ್ಮ ಫೌಜಿನ ಹಿಂದಿಯಲ್ಲಿ ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದರು.

"ಅಚ್ಛಾ," ಎಂದರು ಸಾಹೇಬರು. ದನಿ ಇಳಿದಿತ್ತು. "ಅಚ್ಛಾ. ಕೋಯೀ ಬಾತ್ ನಹೀಂ."

ಕಾಕಾ ಫೋನಿಟ್ಟು, "ಆತು," ಎಂದರು. ಅಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡರೆಂದು ಚಿಗವ್ವ ಹೇಳಿದಳು.

ಮುಂದಿನ ವಾರ ಸಾಹೇಬರೇ ಫೋನು ಮಾಡಿದರು. ಹವಾಲ್ದಾರ್, ನಿನ್ನ ಅಣ್ಣನ ಮಗಳು ಹೋಲ್ ಇನ್ ಒನ್ ಮಾಡಿದಳಂತೆ, ನನಗೆ ಯಾಕೆ ಹೇಳಲಿಲ್ಲ ಎಂದು ಪ್ರೀತಿಯಿಂದ ಬೈದರು. ಸಂತೋಷದ ಸುದ್ದಿಯನ್ನು ಅವರು ಮನೆಯವರೆಲ್ಲರಿಗೂ ಹಂಚಿದ್ದರು. ಅದು ಸುತ್ತಿ ಸುತ್ತಿ ಅವರಿಗೇ ಮರಳಿ ಬರುತ್ತಿತ್ತು. ತಿದ್ದಿ ಹೇಳಿದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ತಾವೂ ಮರೆತಿದ್ದರು. ಕಾಕಾ ಮತ್ತೊಮ್ಮೆ ಮೊದಲಿನಿಂದ ಎಲ್ಲ ಹೇಳಿದರು. ಮತ್ತೆ ಅದೇ ಇಳಿದ ದನಿಯ "ಅಚ್ಛಾ". ಮೊದಲ ಸಲ ಕೇಳಿದಷ್ಟೇ ನಿರಾಸೆ.

ಮೂರನೆಯ ಸಲ ಫೋನು ಬಂದಾಗ ನಾನೂ ಅಲ್ಲಿದ್ದೆ. ಸ್ಪೀಕರಿನಲ್ಲಿ ಸಾಹೇಬರ ನಗು ಪಡಸಾಲೆ ತುಂಬಿತು. ನನ್ನ ಕೈಲಾಗದ್ದನ್ನು ನಿನ್ನ ಹುಡುಗಿ ಮಾಡಿ ತೋರಿಸಿದಳು, ಹೌದೋ ಅಲ್ಲವೋ ಎಂದು ಕೇಳುತ್ತಿದ್ದರು. ಕಾಕಾ ಬಾಯಿ ತೆರೆದರು. ಚಿಗವ್ವ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಕಾಕಾ ಅವಳನ್ನು ನೋಡಿದರು. ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಹಾಂಜೀ ಸಾಹೇಬ್," ಎಂದರು.

ನನ್ನನ್ನು ನೋಡಲಿಲ್ಲ. ಹುಡುಗಿ ಅಲ್ಲೇ ಇದ್ದರೆ ಕೊಡು, ನಾನೇ ಅಭಿನಂದಿಸುತ್ತೇನೆ ಎಂದರು ಸಾಹೇಬರು. ಕಾಕಾ ಫೋನನ್ನು ನನ್ನ ಕಡೆ ಚಾಚಿದರು. ತಗೊಂಡೆ. ಚೆಂಡು ಹೊಡೆದಾಗ ಹೇಗನ್ನಿಸಿತು ಎಂದು ಕೇಳಿದರು. ಸದ್ದು ಬೇರೆಯೇ ಇತ್ತು ಸರ್, ಅಂಥ ಸದ್ದು ನನ್ನ ಕೋಲಿನಿಂದ ಮೊದಲು ಬಂದಿರಲಿಲ್ಲ ಎಂದೆ. ಅಷ್ಟು ಮಾತ್ರ ನಿಜವಿತ್ತು. ಹಾಗಿರಬೇಕು, ಹಾಗೇ ಇರಬೇಕು ಎಂದು ಅವರು ಬಹಳ ಹೊತ್ತು ಸಂತೋಷಪಟ್ಟರು.

ಈಗ ಕೆಲವು ವಾರಗಳಿಗೊಮ್ಮೆ ಆ ಫೋನು ಬರುತ್ತದೆ. ಬಂದಾಗ ಕಾಕಾ ನನ್ನನ್ನು ಕರೆಸುತ್ತಾರೆ. ಸಾಹೇಬರು ಅಭಿನಂದಿಸುತ್ತಾರೆ, ನಾನು ಥ್ಯಾಂಕ್ಯೂ ಸರ್ ಎನ್ನುತ್ತೇನೆ. ಫೋನಿಟ್ಟ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಚಿಗವ್ವ ಚಹಾ ತಂದಿಡುತ್ತಾಳೆ. ಕುಡಿದು ಮುಗಿಸಿದ ಮೇಲೆ ಕಾಕಾ, "ಮುಂಜಾನಿ ಬರತಿಯೇನು ಮಡ್ಡಿಗೆ?" ಎನ್ನುತ್ತಾರೆ. ಬರುತ್ತೇನೆ ಎನ್ನುತ್ತೇನೆ.